ಮಿತಿಯೂ ಹೊಣೆಯೂ

ಹೊಸ ಬೀರುವಿನ ಹೊಳಪನ್ನು ಮೆಚ್ಚದವರು ಯಾರು? ಆದರೆ ಆ ಹೊಳಪಿಗಾಗಿ ದಿನವೆಲ್ಲ ಥಿನ್ನರಿನ ಆವಿಯನ್ನು ಉಸಿರಾಡಿದವನ ಗಂಟಲನ್ನು ಕುರಿತು ಯೋಚಿಸುವವರು ವಿರಳ. ಯಾರಾದರೂ ಕೇಳಿದರೆ ಸಿದ್ಧವಾದ ಉತ್ತರವೊಂದುಂಟು: “ಎಲ್ಲವೂ ಮಿತಿಯೊಳಗೇ ಇದೆ.” ಈ ಮಿತಿಯೆಂದರೇನು? ಅದರೊಳಗಿದ್ದ ಮಾತ್ರಕ್ಕೆ ಹೊಣೆ ತೀರಿತೆ?

ರೋಗಿಯ ಕಸುಬೇನೆಂದು ವೈದ್ಯನು ತಪ್ಪದೆ ಕೇಳಬೇಕೆಂದು ಇಟಲಿಯ ರಮಾಜ್ಜಿನಿ ೧೭೦೦ರಲ್ಲಿಯೇ ಬರೆದನು. ಆ ಕಾಳಜಿಗೆ ಅಂಕಿಗಳ ರೂಪ ಬಂದುದು ಬಹಳ ತಡವಾಗಿ. ಅಮೆರಿಕದ ಸರ್ಕಾರಿ ಕೈಗಾರಿಕಾ ಆರೋಗ್ಯತಜ್ಞರ ಸಂಸ್ಥೆಯೊಂದು ೧೯೪೬ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಥಿನ್ನರಿನಲ್ಲಿ ಬಳಸುವ ಟಾಲೂಯಿನ್ನಿಗೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ ೨೦೦ ಭಾಗ ಎಂದಿತ್ತು. ೨೦೦೭ರಲ್ಲಿ ಅದೇ ಸಂಸ್ಥೆ ಅದನ್ನು ೨೦ಕ್ಕೆ ಇಳಿಸಿತು. ಭೋಪಾಲದ ದುರಂತದ ಬಳಿಕ, ೧೯೮೭ರಲ್ಲಿ, ನಮ್ಮ ಕಾರ್ಖಾನೆಗಳ ಶಾಸನಕ್ಕೆ ಸೇರಿಸಿದ ಪಟ್ಟಿಯಲ್ಲಿ ಅದು ೧೦೦. ಮನುಷ್ಯನ ಮೈ ಬದಲಾಗಲಿಲ್ಲ. ಬದಲಾದದ್ದು ತಿಳಿವಳಿಕೆ, ಒಪ್ಪಂದ.

ಮೇಲಾಗಿ, ಆ ಸಂಸ್ಥೆಯ ವ್ಯಾಖ್ಯೆಯಂತೆ ಮಿತಿಯೆಂಬುದು ದಿನಕ್ಕೆ ಎಂಟು ಗಂಟೆಯ ದುಡಿಮೆಯಲ್ಲಿ ಬಹುಮಟ್ಟಿಗೆ ಎಲ್ಲ ಕೆಲಸಗಾರರಿಗೂ ಕೇಡಾಗದೆಂದು ನಂಬಿದ ಪ್ರಮಾಣ. ಈ ‘ಬಹುಮಟ್ಟಿಗೆ’ಯ ಹೊರಗೆ ಉಳಿದವನು ಯಾರು? ಉಬ್ಬಸದವನಿರಬಹುದು. ಲೆಕ್ಕದಲ್ಲಿ ಅವನು ಬರಿಯ ಶೇಷ. ಅವನ ಮನೆಯವರಿಗೆ ಅವನೇ ಸರ್ವಸ್ವ.

ಇನ್ನೊಂದು ತೊಡಕುಂಟು. ಥಿನ್ನರು ಒಂದೇ ದ್ರವವಲ್ಲ. ಟಾಲೂಯಿನ್, ಕ್ಸೈಲೀನ್, ಅಸಿಟೋನ್ ಕೂಡಿದ ಮಿಶ್ರಣದಲ್ಲಿ ಒಂದೊಂದರ ಆವಿಯೂ ತನ್ನ ಮಿತಿಯ ಅರ್ಧದಷ್ಟಿದ್ದರೆ, ಬಿಡಿಯಾಗಿ ಯಾವುದರ ಮೇಲೂ ತಪ್ಪು ಹೊರಿಸುವಂತಿಲ್ಲ. ಆದರೆ ಮೂರೂ ಕೆರಳಿಸುವುದು ಮೂಗು ಗಂಟಲುಗಳ ಅದೇ ಲೋಳೆಪೊರೆಯನ್ನು. ಆದುದರಿಂದ ತಜ್ಞರು ಈ ಪಾಲುಗಳನ್ನು ಕೂಡಿಸುತ್ತಾರೆ; ಮೊತ್ತ ಒಂದನ್ನು ಮೀರಬಾರದು. ಇಲ್ಲಿ ಅದು ಒಂದೂವರೆ!

ನೀತಿಯ ಲೆಕ್ಕವೂ ಹೀಗೆಯೇ ಅಲ್ಲವೆ? ಕೊಳ್ಳುವವನು ಬೆಲೆಗಾಗಿ ಚೌಕಾಸಿ ಮಾಡಿದನು; ಅದು ತಪ್ಪಲ್ಲ. ಅಂಗಡಿಯವನು ಬೇಗ ಮುಗಿಸೆಂದು ಅವಸರಪಡಿಸಿದನು, ಅದೂ ತಪ್ಪಲ್ಲ. ಮಾಲೀಕನು ಗಾಳಿ ಹೊರದೂಡುವ ಫ್ಯಾನನ್ನು ಮುಂದಿನ ವರ್ಷಕ್ಕೆಂದನು. ಒಬ್ಬೊಬ್ಬರೂ ತಮ್ಮ ತಮ್ಮ ಮಿತಿಯಲ್ಲಿದ್ದಾರೆ. ಮೊತ್ತವೆಲ್ಲ ಬಂದು ಬಿದ್ದದ್ದು ಮಾತ್ರ ಒಬ್ಬನ ಎದೆಯ ಮೇಲೆ.

ಹಾಗಾದರೆ ಅಂಕಿ ಬೇಡವೆ? ಖಂಡಿತ ಬೇಕು. ಮೂಗು ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಅದು ನಂಬತಕ್ಕ ಕಾವಲುಗಾರನಲ್ಲ. ಅಂಕಿಯಿಲ್ಲದಿದ್ದರೆ ಬಡವನ ಕೆಮ್ಮು ಸಾಕ್ಷಿಯಿಲ್ಲದ ದೂರಾಗಿ ಉಳಿದೀತು. ಆದರೆ ಶಿಕ್ಷೆ ಎಲ್ಲಿಂದ ಆರಂಭವೆಂಬುದನ್ನು ಶಾಸನ ಹೇಳಬಲ್ಲದೇ ಹೊರತು, ಕರ್ತವ್ಯ ಎಲ್ಲಿ ಮುಗಿಯಿತೆಂಬುದನ್ನಲ್ಲ. ಆವಿಯನ್ನು ಹುಟ್ಟಿದಲ್ಲಿಯೇ ಹೀರಿ ಹೊರಹಾಕುವುದು, ಡಬ್ಬಿಯ ಮುಚ್ಚಳ ಹಾಕುವುದು, ಸಾಧ್ಯವಾದಲ್ಲಿ ನೀರು ಬೆರೆಸುವ ಬಣ್ಣವನ್ನೇ ಬಳಸುವುದು, ಅದರ ವೆಚ್ಚದಲ್ಲಿ ಒಂದು ಪಾಲನ್ನು ಕೊಳ್ಳುವವರಾದ ನಾವು ಗೊಣಗದೆ ತೆರುವುದು: ಇವು ಯಾವ ಅಂಕಿಗೂ ಕಾಯಬೇಕಾದ ಕೆಲಸಗಳಲ್ಲ. ಅಳತೆಯ ಯಂತ್ರ ಸುಮ್ಮನಿದ್ದಾಗಲೂ ಒಬ್ಬನು ಕೆಮ್ಮುತ್ತಿದ್ದರೆ, ಏಕೆಂದು ವಿಚಾರಿಸುವುದಕ್ಕೆ ಅಷ್ಟು ಕಾರಣ ಸಾಕು.