ಗಾಲಿಯ ಅಗಲ ಮತ್ತು ಶ್ರಾವಕನ ಮಿತಿ

ನಮ್ಮ ಆಚಾರಗ್ರಂಥಗಳಲ್ಲಿ ಮೋಟಾರು ಗಾಡಿಯ ಟೈರಿನ ಪ್ರಸ್ತಾಪವಿಲ್ಲ. ಆದುದರಿಂದ ಅದು ಗ್ಯಾರೇಜಿನವನಿಗೆ ಬಿಟ್ಟ ವಿಷಯ, ಶ್ರಾವಕಾಚಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳುವವರುಂಟು. ಆದರೆ ಪರಿಮಾಣದ ಪ್ರಶ್ನೆಯು ಇಂದಿನ ಮನೆಗಳಲ್ಲಿ ಹುಟ್ಟುವುದು ಹೊಲ, ಹೊನ್ನು, ಧಾನ್ಯಗಳಿಂದ ಮಾತ್ರವಲ್ಲ. ಕೆಲವೊಮ್ಮೆ ಅದು ನಾಲ್ಕು ಅಂಗುಲ ರಬ್ಬರಿನಿಂದಲೂ ಹುಟ್ಟುತ್ತದೆ.

ಮುಧೋಳದ ಒಂದು ವರ್ತಕ ಕುಟುಂಬವನ್ನು ಕಲ್ಪಿಸಿಕೊಳ್ಳಿರಿ. ತಂದೆಗೆ ಪೇಟೆಯಲ್ಲಿ ಅಂಗಡಿ. ಮಗನು ವ್ಯಾಪಾರದ ಕೆಲಸಕ್ಕೆ ವಾರದಲ್ಲಿ ಮೂರು ದಿನ ಬಾಗಲಕೋಟೆ, ಜಮಖಂಡಿಗಳಿಗೆ ಹೋಗಿಬರುತ್ತಾನೆ. ನಿಜವಾದ ಸ್ಪೋರ್ಟ್ಸ್ ಕಾರು ನಮ್ಮ ಬೀದಿಗಳಲ್ಲಿ ಅಪರೂಪ, ಅದರ ಆಸೆ ಮಾತ್ರ ಅಪರೂಪವಲ್ಲ. ಮಗನ ಕಾರು ಸಣ್ಣದೇ ಆದರೂ ಚುರುಕಿನದು. ಅದರೊಡನೆ ಬಂದ ಟೈರುಗಳನ್ನು ತೆಗೆದು 205 ಮಿಲಿಮೀಟರ್ ಅಗಲದವನ್ನು ಹಾಕಿಸಬೇಕೆಂಬುದು ಅವನ ಇಚ್ಛೆ. ತಂದೆ ಒಪ್ಪುವುದಿಲ್ಲ. ಅದು ದುಂದು, ಅದು ಆಡಂಬರ ಎಂಬುದು ಅವರ ಮಾತು. ಮಗನ ಉತ್ತರವೂ ಹಗುರವಾದುದಲ್ಲ. ಅಗಲದ ಟೈರು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಬ್ರೇಕು ಹಾಕಿದಾಗ ಗಾಡಿ ಬೇಗ ನಿಲ್ಲುತ್ತದೆ, ಅಡ್ಡ ಬಂದ ನಾಯಿಯೂ ಮಗುವೂ ಉಳಿಯುತ್ತವೆ. ಹೀಗಿರುವಾಗ ಅದನ್ನು ಹಾಕಿಸುವುದೇ ಅಹಿಂಸೆಗೆ ಹತ್ತಿರವಲ್ಲವೇ ಎಂದು ಅವನು ಕೇಳುತ್ತಾನೆ.

ಈ ವಾದದಲ್ಲಿ ತಂದೆಯ ಪಕ್ಷವು ತೋರುವಷ್ಟು ಗಟ್ಟಿಯಲ್ಲ. ಅಗಲದ ಟೈರು ಅದೇ ಬೆಲೆಗೆ ದೊರೆತರೆ ಅವರು ಒಪ್ಪುವರೇ? ಒಪ್ಪುವುದಾದರೆ ಅವರದು ಜಮಾ-ಖರ್ಚಿನ ಆಕ್ಷೇಪವೇ ಹೊರತು ಧರ್ಮದ ಆಕ್ಷೇಪವಲ್ಲ. ಮಗನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಮೊದಲು ವಸ್ತುವಿನ ಸ್ವಭಾವವನ್ನು ಅರಿಯಬೇಕು.

ಟೈರಿನ ಪಕ್ಕೆಯ ಮೇಲೆ ಅದರ ಅಳತೆ ಬರೆದಿರುತ್ತದೆ. 165/80 ಆರ್ 14 ಎಂದರೆ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80 ಪಾಲು, ಒಳಗಿನ ಚಕ್ರದ ವ್ಯಾಸ 14 ಅಂಗುಲ. 2018ರ ಮಾರುತಿ ಸ್ವಿಫ್ಟ್ ಕಾರಿಗೆ ಕಂಪನಿಯೇ ಎರಡು ಅಳತೆಗಳನ್ನು ಇಟ್ಟಿತ್ತು. ಕಡಿಮೆ ಬೆಲೆಯ ಮಾದರಿಗಳಿಗೆ ಮೇಲೆ ಹೇಳಿದ್ದು, ಹೆಚ್ಚಿನ ಬೆಲೆಯವಕ್ಕೆ 185/65 ಆರ್ 15. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸವೂ ಸುಮಾರು 620 ಮಿ.ಮೀ. ಆಗುತ್ತದೆ. ಅಗಲ ಬೆಳೆದರೂ ಎತ್ತರ ಬೆಳೆಯಲಿಲ್ಲ. ಎತ್ತರ ಬೆಳೆದರೆ ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಸುಳ್ಳು ತಕ್ಕಡಿಯನ್ನು ಇಟ್ಟುಕೊಳ್ಳಲೊಲ್ಲದ ವರ್ತಕನು ಸುಳ್ಳು ವೇಗಮಾಪಕವನ್ನು ಇಟ್ಟುಕೊಳ್ಳುವುದೂ ತರವಲ್ಲ.

ಟೈರು ಅಗಲವಾದಷ್ಟೂ ನೆಲಕ್ಕೆ ತಾಗುವ ಭಾಗ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆ ಭಾಗದ ವಿಸ್ತಾರವು ಬಹುಮಟ್ಟಿಗೆ ಗಾಡಿಯ ಭಾರ ಮತ್ತು ಒಳಗಿನ ಹವೆಯ ಒತ್ತಡಗಳಿಂದ ನಿರ್ಧಾರವಾಗುತ್ತದೆ. ಅಗಲದಿಂದ ಮುಖ್ಯವಾಗಿ ಬದಲಾಗುವುದು ಅದರ ಆಕಾರ: ಉದ್ದ ಕುಗ್ಗಿ ಅಡ್ಡ ಹಿಗ್ಗುತ್ತದೆ. ಒಣ ಡಾಂಬರಿನ ತಿರುವಿನಲ್ಲಿ ಇದರಿಂದ ಹಿಡಿತ ಹೆಚ್ಚುವುದು ನಿಜ. ಮಗನು ಇಷ್ಟರಮಟ್ಟಿಗೆ ಸತ್ಯವನ್ನೇ ಹೇಳಿದ್ದಾನೆ. ಆದರೆ ನೀರು ನಿಂತ ರಸ್ತೆಯಲ್ಲಿ ಅಗಲದ ಟೈರು ನೀರನ್ನು ಸೀಳಲಾರದೆ ಬೇಗನೆ ಅದರ ಮೇಲೆ ತೇಲುತ್ತದೆ. ಘಟಪ್ರಭೆಯ ದಂಡೆಯ ಎರೆಭೂಮಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಡಾಂಬರಿನ ಮೇಲೆ ಕರಿಮಣ್ಣನ್ನು ಬಿಟ್ಟು ಹೋಗುತ್ತವೆ, ಮೇಲೆ ಒಂದು ಮಳೆ ಬಿದ್ದರೆ ರಸ್ತೆಗೆ ಬೆಣ್ಣೆ ಸವರಿದಂತಾಗುತ್ತದೆ. ಅಗಲದ ಟೈರಿಗೆ ಇಂಧನವೂ ತುಸು ಹೆಚ್ಚು ಬೇಕು, ಸ್ಟಿಯರಿಂಗೂ ಭಾರವಾಗುತ್ತದೆ, ಚಕ್ರದ ಗೂಡಿಗೆ ಅದು ತಾಗುವ ಸಂಭವವೂ ಉಂಟು.

ಕಾನೂನು ಕೂಡ ಇಲ್ಲಿ ಮೌನವಾಗಿಲ್ಲ. ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ನೋಂದಣಿಪತ್ರದಲ್ಲಿರುವ ವಿವರಗಳು ತಯಾರಕನು ಮೊದಲು ಗೊತ್ತುಪಡಿಸಿದವುಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿ ಹಿಡಿಯಿತು. ತಯಾರಕನೇ ಒಪ್ಪಿದ ಅಳತೆಗಳೊಳಗೆ ಆಯ್ದುಕೊಳ್ಳುವುದು ಒಂದು, ಅವನ್ನು ಮೀರುವುದು ಇನ್ನೊಂದು. ಕವಿ ರನ್ನನು ಹುಟ್ಟಿದ್ದು ಇದೇ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ. ಬಳೆಗಾರನು ಕೈಯನ್ನು ಹಿಡಿದು ನೋಡಿಯೇ ಬಳೆಯನ್ನು ಆರಿಸುತ್ತಾನೆ. ಅಂಗಡಿಯಲ್ಲಿ ಚೆಂದ ಕಂಡಿತೆಂದು ಯಾರೂ ಅಳತೆ ಮೀರಿದ ಬಳೆಯನ್ನು ತೊಡಿಸಿಕೊಳ್ಳುವುದಿಲ್ಲ.

ಇಷ್ಟಕ್ಕೇ ವಿಚಾರವನ್ನು ಮುಗಿಸಿದರೆ ಮಗನಿಗೆ ಅನ್ಯಾಯವಾಗುತ್ತದೆ. ಕಾನೂನು ಒಪ್ಪುವ, ತಯಾರಕನೂ ಒಪ್ಪುವ 185ರ ಟೈರನ್ನು ಹಾಕಿಸಿದರೆ ಅವನ ಅಹಿಂಸೆಯ ವಾದ ನಿಲ್ಲುತ್ತದೆಯೇ? ಪ್ರಶ್ನೆಯ ತಿರುಳು ಇಲ್ಲಿದೆ. ಇದಕ್ಕೆ ಉತ್ತರವನ್ನು ಕಾರಿನಲ್ಲಿ ಹುಡುಕುವುದಕ್ಕಿಂತ ನಮ್ಮ ಕಬ್ಬಿನ ಗಾಡಿಯಲ್ಲಿ ಹುಡುಕುವುದು ಲೇಸು.

ಹಿಂದೆ ನಮ್ಮ ಎತ್ತಿನ ಬಂಡಿಗಳಿಗೆ ಮರದ ಗಾಲಿ, ಅದರ ಸುತ್ತ ಕಿರಿದಾದ ಕಬ್ಬಿಣದ ಪಟ್ಟಿ. ಎರೆಯಲ್ಲಿ ಆ ಪಟ್ಟಿ ಕತ್ತಿಯಂತೆ ಇಳಿಯುತ್ತಿತ್ತು, ಎತ್ತುಗಳ ಹೆಗಲು ಹುಣ್ಣಾಗುತ್ತಿತ್ತು. ಹವೆ ತುಂಬಿದ ರಬ್ಬರಿನ ಟೈರನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್ಲಪ್ ವೃತ್ತಿಯಿಂದ ಪಶುವೈದ್ಯ ಎಂಬುದು ಅನೇಕರಿಗೆ ತಿಳಿದಿರಲಾರದು. ಬೆಲ್‌ಫಾಸ್ಟ್ ನಗರದಲ್ಲಿದ್ದ ಆತ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮಾಡಿ, 1888ರಲ್ಲಿ ಪೇಟೆಂಟು ಪಡೆದ. ಅದೇ ಬಗೆಯ ಟೈರು ಮುಂದೆ ನಮ್ಮ ಬಂಡಿಗಳಿಗೂ ಬಂದಿತು. ಅಗಲವಾದ ಗಾಲಿ ಮಣ್ಣಿನಲ್ಲಿ ಹೂಳಲಿಲ್ಲ, ಎಳೆತ ಹಗುರವಾಯಿತು. ಜೀವದಯೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಯಂತ್ರವೂ ಎತ್ತಿಗೆ ಮಾಡಿರಲಾರದು.

ಆ ಉಪಕಾರ ಎಷ್ಟು ದಿನ ಉಳಿಯಿತು? ಎಳೆತ ಹಗುರವಾಯಿತೆಂದು ಕಂಡೊಡನೆ ಒಡೆಯನು ಕಬ್ಬಿನ ಹೊರೆಯನ್ನು ಏರಿಸಿದನು. ಸರಕಾರದ 1965ರ ನಿಯಮಗಳು ಇದಕ್ಕೊಂದು ಗೆರೆ ಎಳೆದಿವೆ: ದೊಡ್ಡ ಎತ್ತೊಂದು ಎಳೆಯುವ ಎರಡು ಗಾಲಿಯ ಗಾಡಿಗೆ ಹವೆಯ ಟೈರು ಇಲ್ಲದಿದ್ದರೆ 900 ಕಿಲೋ, ಇದ್ದರೆ 1350 ಕಿಲೋ. ಟೈರಿನಿಂದ ದೊರೆತ ಅನುಕೂಲದಲ್ಲಿ ಒಡೆಯನಿಗೆ ಇಷ್ಟು, ಮಿಕ್ಕದ್ದು ಎತ್ತಿಗೆ ಎಂಬ ಹಂಚಿಕೆಯಿದು. ಆದರೆ ಕಾರ್ಖಾನೆಯ ಹಂಗಾಮಿನಲ್ಲಿ ಮುಧೋಳ, ಮಹಾಲಿಂಗಪುರದ ರಸ್ತೆಗಳಲ್ಲಿ ಏದುಸಿರು ಬಿಡುವ ಎತ್ತುಗಳನ್ನು ಕಂಡವರಿಗೆ ಆ ಗೆರೆ ಎಷ್ಟು ಉಳಿದಿದೆಯೆಂಬುದು ಗೊತ್ತು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಬೇರೆಯಾಗಿ ಹೆಸರಿಸಿದ ತತ್ತ್ವಾರ್ಥಸೂತ್ರಕಾರರು ವ್ಯವಹಾರವನ್ನು ಚೆನ್ನಾಗಿ ಬಲ್ಲವರು. ಎತ್ತಿನ ಖಾತೆಗೆ ಜಮೆಯಾಗಬೇಕಾದ ಲಾಭ ಒಡೆಯನ ಖಾತೆಗೆ ಜಮೆಯಾಯಿತು.

ಕಾರಿನಲ್ಲಿಯೂ ನಡೆಯುವುದು ಇದೇ. ಅಲ್ಲಿ ಹೊರೆಯ ಬದಲು ವೇಗ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳನ್ನು ಪರೀಕ್ಷಿಸಿದರು. ಕೆಲವಕ್ಕೆ ಗಾಲಿ ಜಾರದಂತೆ ತಡೆಯುವ ಹೊಸ ಬಗೆಯ ಬ್ರೇಕು, ಉಳಿದವಕ್ಕೆ ಹಳೆಯದು. ಹೊಸ ಬ್ರೇಕಿನ ಗಾಡಿಗಳಲ್ಲಿ ಅಪಘಾತಗಳು ಇಳಿಯಬೇಕಾಗಿತ್ತು, ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆ ಚಾಲಕರು ತಿರುವುಗಳಲ್ಲಿ ಹೆಚ್ಚು ಬಿರುಸಾಗಿ ಓಡಿಸುತ್ತಿದ್ದುದು ಕಂಡುಬಂದಿತು. ಯಾರೂ ಬೇಕೆಂದು ಹಾಗೆ ಮಾಡಿರಲಾರರು. ಗಾಡಿ ನಿಲ್ಲುತ್ತದೆ ಎಂಬ ಭರವಸೆ ಕಾಲಿಗೆ ಮೊದಲು ತಿಳಿಯುತ್ತದೆ, ಮನಸ್ಸಿಗೆ ಆಮೇಲೆ. ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂದು ನಮ್ಮ ಆಚಾರ್ಯರು ಹೇಳಿದ್ದು ಈ ಬಗೆಯ, ತನಗೆ ತಾನೇ ಗೊತ್ತಾಗದ ಅಜಾಗರೂಕತೆಗೂ ಅನ್ವಯಿಸುತ್ತದೆ.

ಹಾಗಾದರೆ ವಾಹನದ ಆನಂದವೇ ತ್ಯಾಜ್ಯವೇ? ಗೃಹಸ್ಥನಿಗೆ ಅಷ್ಟು ಕಠೋರವಾದ ವಿಧಿಯಿಲ್ಲ, ಭೋಗೋಪಭೋಗಕ್ಕೆ ಪರಿಮಾಣವಿರಲಿ ಎಂದಷ್ಟೇ ಇದೆ. ಕುತೂಹಲದ ಸಂಗತಿಯೆಂದರೆ, ಈ ಪರಿಮಾಣದ ಅರಿವು ಸ್ಪೋರ್ಟ್ಸ್ ಕಾರನ್ನು ಮಾಡುವವರಲ್ಲಿಯೂ ಕಂಡಿದೆ. ಜಪಾನಿನ ಟೊಯೋಟಾ ಕಂಪನಿಯು 2012ರಲ್ಲಿ 86 ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಶಕ್ತಿ ಸುಮಾರು 200 ಅಶ್ವಶಕ್ತಿ. ಅಂಥ ಕಾರಿಗೆ ಎಲ್ಲರೂ ದಪ್ಪನೆಯ ಟೈರನ್ನು ನಿರೀಕ್ಷಿಸಿದ್ದರು. ಅದರ ಪ್ರಧಾನ ಇಂಜಿನಿಯರ್ ತೆತ್ಸುಯಾ ತಾದಾ ಅವರ ತಂಡವು 215 ಮಿ.ಮೀ.ಯ ಸಾಧಾರಣ ಟೈರನ್ನೇ ಕೊಟ್ಟಿತು. ಇಂಧನ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಕಾರಿಗೂ ಅದೇ ಜಾತಿಯ ಟೈರು ಬಳಕೆಯಲ್ಲಿತ್ತು. ಹಿಡಿತ ಮಿತವಾಗಿದ್ದರೆ ಗಾಡಿಯು ಕಡಿಮೆ ವೇಗದಲ್ಲಿಯೇ ತನ್ನ ಎಲ್ಲೆಯನ್ನು ಚಾಲಕನಿಗೆ ತಿಳಿಸುತ್ತದೆ, ಆನಂದವೂ ಅಲ್ಲಿಯೇ ದೊರೆಯುತ್ತದೆ. ಅತಿ ಹಿಡಿತದ ಟೈರು ಎಚ್ಚರಿಕೆಯನ್ನು ತಡವಾಗಿ ಕೊಡುತ್ತದೆ, ಕೊಟ್ಟಾಗ ವೇಗ ಕೈಮೀರಿರುತ್ತದೆ. ಆ ಕಾರನ್ನು ಕೊಂಡವರಲ್ಲಿ ಅನೇಕರು ಮೊದಲು ಮಾಡಿದ ಕೆಲಸ ಆ ಟೈರುಗಳನ್ನು ಬಿಚ್ಚಿಸಿ ಅಗಲದವನ್ನು ಹಾಕಿಸಿದ್ದು, ಅದು ಬೇರೆ ಮಾತು.

ಮುಧೋಳದ ತಂದೆ-ಮಗನಿಗೆ ಈಗ ಒಂದು ದಾರಿ ಕಾಣುತ್ತದೆ. 205ರ ಟೈರನ್ನು ಮಗನು ಬಿಡಲಿ. ಇರುವ ಟೈರಿನ ಗೀರುಗಳು 1.6 ಮಿ.ಮೀ.ಗೆ ಸವೆಯುವವರೆಗೆ ಕಾಯುವ ಕೃಪಣತೆಯನ್ನು ತಂದೆಯೂ ಬಿಡಲಿ. ಅದು ಕಾನೂನಿನ ಕಟ್ಟಕಡೆಯ ಗೆರೆ, ಉಳಿತಾಯಕ್ಕೆ ಸಲ್ಲುವ ಸ್ಥಳವಲ್ಲ. ಸವೆದ ಟೈರಿನಿಂದ ಆಗುವ ಹಿಂಸೆಯಲ್ಲಿ ಕೈಹಿಡಿದು ಖರ್ಚು ಮಾಡಿದವನಿಗೂ ಪಾಲುಂಟು. ತಯಾರಕನು ಒಪ್ಪಿದ ಅಳತೆಯಲ್ಲಿ, 185 ಆಗಲಿ, ಒಳ್ಳೆಯ ಜಾತಿಯ ಹೊಸ ಟೈರುಗಳನ್ನು ಹಾಕಿಸಿ, ಹದಿನೈದು ದಿನಕ್ಕೊಮ್ಮೆ ಹವೆ ನೋಡಿಸಲಿ.

ಆಮೇಲೆ ಮಗನು ಅಂಗಡಿಯ ಕಿರ್ದಿಯ ಕಡೆಯ ಹಾಳೆಯಲ್ಲಿ ಒಂದು ಲೆಕ್ಕ ಇಡಲಿ. ಹಳೆಯ ಟೈರಿನಲ್ಲಿ ಮುಧೋಳದಿಂದ ಬಾಗಲಕೋಟೆಗೆ ಎಷ್ಟು ನಿಮಿಷ, ಹೊಸದರಲ್ಲಿ ಎಷ್ಟು. ನಿಮಿಷಗಳು ಇದ್ದಷ್ಟೇ ಇದ್ದರೆ ಟೈರಿನ ಲಾಭ ರಸ್ತೆಯ ಜೀವಿಗಳಿಗೆ ಜಮೆಯಾಯಿತು. ಇಳಿದಿದ್ದರೆ ಅದು ಎಲ್ಲಿಗೆ ಹೋಯಿತೆಂಬುದು ಲೆಕ್ಕ ಬಲ್ಲವನಿಗೆ ತಿಳಿಯುತ್ತದೆ. ಆ ಹಾಳೆಯನ್ನು ತಂದೆಗೆ ತೋರಿಸಲೇಬೇಕೆಂದಿಲ್ಲ.