ತೊಟ್ಟಿಕ್ಕಿದ್ದು ಎಲ್ಲಿ?

ಕೊಡಗಿನ ತೋಟದ ಮನೆಗಳಲ್ಲಿ ಜೀಪೆಂದರೆ ಮನೆಯ ಎತ್ತಿದ್ದ ಹಾಗೆ. ಗೊಬ್ಬರ, ಕಾಫಿ ಮೂಟೆ, ಶಾಲೆಯ ಮಕ್ಕಳು, ಎಲ್ಲಕ್ಕೂ ಅದೇ. ನಮ್ಮ ಜೀಪಿನ ಆಯಿಲ್ ಕೂಲರ್ ಸೋರತೊಡಗಿದಾಗ ನಮ್ಮ ಮನೆಯವರು, "ಆಗಾಗ ಒಂದಿಷ್ಟು ಎಣ್ಣೆ ಸುರಿದರಾಯಿತು, ಈಗ್ಯಾಕೆ ಖರ್ಚು?" ಎಂದರು. ಮನೆಯ ಲೆಕ್ಕದಲ್ಲಿ ಅವರ ಮಾತು ತಪ್ಪಲ್ಲ.

ಆದರೆ ಈ ಸೋರಿಕೆಯ ಗುಣವೇ ವಿಚಿತ್ರ. ಎಂಜಿನ್ನಿನ ಬಿಸಿ ಎಣ್ಣೆ ಪಂಪಿನ ಒತ್ತಡಕ್ಕೆ ಪೈಪಿನಲ್ಲಿ ಹರಿದು ಕೂಲರಿಗೆ ಬಂದು, ತಣಿದು ಮರಳುತ್ತದೆ. ಎಂಜಿನ್ ನಿಂತರೆ ಒತ್ತಡವಿಲ್ಲ, ಸೋರುವುದೂ ಬಹುಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ನಮ್ಮ ಅಂಗಳದಲ್ಲಿ ಕಾಸಗಲದ ಕಲೆ ಮಾತ್ರ. ಉಳಿದದ್ದೆಲ್ಲ ಕುಶಾಲನಗರ ರಸ್ತೆಯ ತಿರುವುಗಳಲ್ಲಿ. ನಮಗೆ ಕಾಣದ್ದು ನಮ್ಮದಲ್ಲವೇ? ಜಡಿಮಳೆಯಲ್ಲಿ ಸ್ಕೂಟರ್ ಜಾರಿ ಬೀಳುವ ಹುಡುಗಿಗೆ ಆ ಎಣ್ಣೆ ಯಾರದೆಂದು ತಿಳಿಯುವುದೇ ಇಲ್ಲ. ಮಳೆ ಅದನ್ನು ತೊಳೆದು ತೋಡಿಗೆ, ತೋಡು ಕಾವೇರಿಗೆ ಒಯ್ಯುತ್ತದೆ. 1974ರಿಂದ ಬೆಂಗಳೂರಿನವರೂ ಕುಡಿಯುವ ನೀರು ಅದು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ತೀರ್ಥಕ್ಕೆ ನೂಕಾಡುವ ನಾವು ಕೆಳಗಿನವರಿಗೆ ಏನು ಕಳಿಸುತ್ತಿದ್ದೇವೆ?

ಒಂದು ತೊಟ್ಟಿಗೆ ಇಷ್ಟೆಲ್ಲ ಧರ್ಮಸೂಕ್ಷ್ಮವೇ ಎಂದು ನೀವು ನಗಬಹುದು. ನಮ್ಮದೊಂದೇ ಜೀಪು ನದಿಯನ್ನು ಕೆಡಿಸದು, ನಿಜ. ಆದರೆ "ನನ್ನೊಬ್ಬನಿಂದ ಏನಾದೀತು ಟೀಚರ್" ಎಂದು ತರಗತಿಯ ನಲವತ್ತು ಮಕ್ಕಳೂ ಹೇಳುತ್ತಾರೆ. ಸಂಜೆಗೆ ನೋಡಿದರೆ ಬುಟ್ಟಿ ಖಾಲಿ, ನೆಲದ ತುಂಬ ಕಿತ್ತಳೆ ಸಿಪ್ಪೆ.

ಗ್ಯಾರೇಜಿನ ಹುಡುಗ, "ಟೀಚರೇ, ಬರೀ ಕೂಲರ್ ಹಾಕಿದರೆ ಸಾಲದು, ಎರಡು ರಬ್ಬರ್ ಪೈಪೂ ಬಿರಿದಿವೆ" ಎಂದ. ಎಲ್ಲವನ್ನೂ ಹಾಕಿಸಿದೆವು. ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿಸಿಕೊಡು ಎಂದೆ. ಆ ಕ್ಯಾನು ಈಗ ನಮ್ಮ ಸೌದೆ ಕೊಟ್ಟಿಗೆಯಲ್ಲಿದೆ. ಕೊಂಡೊಯ್ಯುವವರು ಇನ್ನೂ ಸಿಕ್ಕಿಲ್ಲ.