ಮಾದರಿಯ ಮನೆ ಮತ್ತು ಹಗೇವಿನ ಲೆಕ್ಕ

ಹಳೆಯ ಕಟ್ಟಡವೊಂದನ್ನು ಅಳೆದು, ಅದರ ಯಥಾಪ್ರಮಾಣದ ಕಿರಿಯ ಪ್ರತಿಕೃತಿಯನ್ನು ಸ್ವಹಸ್ತದಿಂದ ನಿರ್ಮಿಸುವ ಕಾರ್ಯವನ್ನು ಅನೇಕರು ಬಿಡುವಿನ ವೇಳೆಯ ವಿನೋದವೆಂದು ಭಾವಿಸುತ್ತಾರೆ. ವಿನೋದವೇನೋ ಹೌದು. ಆದರೆ ಒಕ್ಕಲುತನದ ಮನೆಯೊಂದರ, ಅದರಲ್ಲಿಯೂ ಕಾಳು ಕೂಡಿಡುವ ಮನೆಯೊಂದರ ಪ್ರತಿಕೃತಿಯನ್ನು ಮಾಡಹೊರಟವನು ಬಹುಬೇಗನೆ ಒಂದು ಜಿಜ್ಞಾಸೆಗೆ ಸಿಲುಕುತ್ತಾನೆ. ಯಾವುದನ್ನು ಕಿರಿದುಗೊಳಿಸಿದರೂ ಸತ್ಯ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಇಡೀ ಕೃತಿಯೇ ಸುಳ್ಳಾಗುತ್ತದೆ ಎಂಬುದೇ ಆ ಜಿಜ್ಞಾಸೆ. ಓದುಗರು ಇದನ್ನು ಬಡಗಿಯ ಪ್ರಶ್ನೆಯೆಂದು ತಳ್ಳಿಹಾಕದೆ ನನ್ನೊಡನೆ ಸ್ವಲ್ಪ ದೂರ ಬರಬೇಕೆಂದು ವಿನಂತಿ.

ವಿಜಯಪುರ, ಬಾಗಲಕೋಟೆ, ಧಾರವಾಡ, ಗದಗ ಸೀಮೆಗಳ ಹಳೆಯ ಮಾಳಿಗೆ ಮನೆಯನ್ನು ತಮ್ಮಲ್ಲಿ ಬಹುಮಂದಿ ಬಲ್ಲಿರಿ; ಕೆಲವರು ಅಂಥ ಮನೆಯಲ್ಲಿಯೇ ಹುಟ್ಟಿದವರಿದ್ದೀರಿ. ಮನೆಗೂ ದನಕ್ಕೂ ತಲಬಾಗಿಲು ಒಂದೇ. ಒಳಗೆ ಕಾಲಿಟ್ಟೊಡನೆ ತಗ್ಗಿನ ನೆಲದಲ್ಲಿ ದಂದಕ್ಕಿ, ಅದರ ಅಂಚಿಗೆ ಗ್ವಾದಲಿ, ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿದ ಪಡಸಾಲೆ, ಆಚೆ ಅಡಿಗೆಮನೆ. ಹೊರಗೋಡೆಗಳಿಗೆ ಕಿಟಕಿಗಳಿಲ್ಲ, ಇದ್ದರೂ ಅಪರೂಪ. ಬೆಳಕು ಇಳಿಯುವುದು ಮಾಳಿಗೆಯ ಬೆಳಕಿಂಡಿಯಿಂದ. ಭಾರವೆಲ್ಲ ಕಂಬಗಳ ಮೇಲೆ. ಕಂಬದ ನೆತ್ತಿಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಎಲ್ಲದರ ಮೇಲೆ ನೀರನ್ನು ಒಳಗೆ ಬಿಡದ ಕರಲು ಮಣ್ಣು. ಮಳೆಗಾಲಕ್ಕೆ ಮುಂಚೆ ಆ ಮಣ್ಣನ್ನು ವರುಷ ವರುಷವೂ ಸರಿಪಡಿಸಬೇಕು. ಒಂದು ವರುಷ ಮರೆತವನಿಗೆ ಮಳೆಯೇ ನೆನಪಿಸುತ್ತದೆ. ಇನ್ನು ಮನೆಯ ಮುಂದೆ, ಅಂಗಳದಲ್ಲಿ ಅಥವಾ ಓಣಿಯ ನೆಲದಡಿಯಲ್ಲಿ, ಕಾಣದಂತೆ ಇರುವುದು ಹಗೇವು.

ರೈಲುಗಾಡಿಯ ನಿಲ್ದಾಣವನ್ನೋ ಪಾಶ್ಚಾತ್ಯ ಕೋಟೆಯನ್ನೋ ಮಾಡಬಯಸುವವನಿಗೆ ಕತ್ತರಿಸಿ ಸಿದ್ಧವಾದ ತುಣುಕುಗಳ ಪೆಟ್ಟಿಗೆ ಅಂಗಡಿಯಲ್ಲಿ ದೊರೆಯುತ್ತದೆ. ಮಾಳಿಗೆ ಮನೆಗೆ ಅಂಥ ಪೆಟ್ಟಿಗೆ ಇಲ್ಲ, ಇಲ್ಲದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಪೆಟ್ಟಿಗೆಯ ತುಣುಕನ್ನು ಅಂಟಿಸುವವನು ಇನ್ನೊಬ್ಬನು ನೋಡಿದ್ದನ್ನು ನಂಬುತ್ತಾನೆ. ಬರಿಯ ಕಟ್ಟಿಗೆ ಮಣ್ಣುಗಳಿಂದ ಮೊದಲುಮಾಡುವವನು ತಾನೇ ಹೋಗಿ ನೋಡಬೇಕಾಗುತ್ತದೆ.

ನೋಡುವುದೆಂದರೆ ಅಳೆಯುವುದು. ಇಪ್ಪತ್ತರಲ್ಲಿ ಒಂದು ಪಾಲಿನ ಪ್ರಮಾಣ ಈ ಕೆಲಸಕ್ಕೆ ಅನುಕೂಲವಾದದ್ದು: 2.4 ಮೀಟರಿನ ಕಂಬ 12 ಸೆಂಟಿಮೀಟರಾಗುತ್ತದೆ, 90 ಸೆಂಟಿಮೀಟರು ದಪ್ಪದ ಗೋಡೆ ನಾಲ್ಕೂವರೆ ಸೆಂಟಿಮೀಟರಾಗುತ್ತದೆ. ಹಳೆಯ ಮನೆಯ ಯಾವ ಕೋಣೆಯೂ ಸರಿಯಾದ ಚೌಕವಲ್ಲ. ಆದುದರಿಂದ ನಾಲ್ಕು ಬದಿಗಳನ್ನಲ್ಲದೆ ಎರಡು ಕರ್ಣಗಳನ್ನೂ ಅಳೆಯತಕ್ಕದ್ದು. ಕಂಬದಿಂದ ಕಂಬಕ್ಕೆ 2 ಮೀಟರು 74 ಸೆಂಟಿಮೀಟರು ಎಂಬ ವಿಚಿತ್ರ ಸಂಖ್ಯೆ ಬಂದರೆ ಬೆರಗಾಗಬೇಕಿಲ್ಲ. ಅದನ್ನು ಮೊಳಕ್ಕೆ ತಿರುಗಿಸಿ ನೋಡಿ, ಆರು ಮೊಳವಾಗುತ್ತದೆ. ಅಳೆದವನ ಬಳಿ ಟೇಪು ಇರಲಿಲ್ಲ, ಮೊಳಕೈ ಇತ್ತು. ಎಂದೋ ತೀರಿಹೋದ ಆ ಬಡಗಿಯ ತೋಳಿನ ಉದ್ದ ಈಗಲೂ ಆ ಮನೆಯಲ್ಲಿ ಉಳಿದಿದೆ ಎಂಬ ಅರಿವು ಅಳೆಯುವವನಿಗಲ್ಲದೆ ಮನೆಯಲ್ಲಿ ವಾಸಿಸುವವನಿಗೂ ಬಾರದು.

ಬಾಗಿದ ಕಂಬವನ್ನು ಬಾಗಿದಂತೆಯೇ ಮಾಡಬೇಕೋ, ಕಟ್ಟಿದ ದಿನ ಇದ್ದಂತೆ ನೆಟ್ಟಗೆ ಮಾಡಬೇಕೋ ಎಂಬ ಚರ್ಚೆಯೂ ಉಂಟು. ಇದಕ್ಕೆ ಹೆಚ್ಚು ಮಾತು ಬೇಡ. ಯಾವ ದಿನ ಅಳೆದಿರೋ ಆ ದಿನವನ್ನು ಹಲಗೆಯ ಅಡಿಯಲ್ಲಿ ಬರೆದು, ಆ ದಿನ ಕಂಡಂತೆ ಮಾಡಿದರೆ ಸಾಕು.

ಸಾಮಗ್ರಿಗೆ ಬಂದಾಗ ನಿಜವಾದ ತೊಡಕು ಮೊದಲಾಗುತ್ತದೆ. ತೇಗದ ಮನೆಗೆ ತೇಗವನ್ನೇ ಬಳಸಿದರೆ ಸತ್ಯವೆಂದು ತೋರಬಹುದು. ಆದರೆ ತೇಗದ ನಾರುಗೆರೆ ಕಿರಿದಾಗುವುದಿಲ್ಲ; ಹನ್ನೆರಡು ಸೆಂಟಿಮೀಟರಿನ ಕಂಬದ ಮೇಲೆ ಅದು ಹಗ್ಗದಂತೆ ಕಾಣುತ್ತದೆ. ಚನ್ನಪಟ್ಟಣದ ಗೊಂಬೆಗಾರರು ಬಳಸುವ ಆಲೆಮರ ನುಣುಪಾದದ್ದು, ಬಿಳಿಯದು. ಅದಕ್ಕೆ ಬಣ್ಣ ಕೊಟ್ಟರೆ ತೇಗಕ್ಕಿಂತ ಚೆನ್ನಾಗಿ ತೇಗವೆನಿಸುತ್ತದೆ. ಮಣ್ಣನ್ನು ತೆಳುಬಟ್ಟೆಯಲ್ಲಿ ಸೋಸಿ ಅಂಟು ಬೆರೆಸದಿದ್ದರೆ ಒಣಗಿದ ಮೇಲೆ ಬಿಡುವ ಬಿರುಕು ಮಾದರಿಯಲ್ಲಿ ಭೂಕಂಪದ ಬಿರುಕಾಗುತ್ತದೆ. ಕಾಳಿನ ಗತಿ ಇನ್ನೂ ವಿನೋದದ್ದು. ಜೋಳದ ರಾಶಿ ತೋರಿಸಲು ಗಸಗಸೆ ಸಾಕೆಂದು ನಾವು ತಿಳಿಯುತ್ತೇವೆ. ಒಂದು ಮಿಲಿಮೀಟರಿನ ಗಸಗಸೆ ಆ ಪ್ರಮಾಣದಲ್ಲಿ ಎರಡು ಸೆಂಟಿಮೀಟರಿನ ನೆಲ್ಲಿಕಾಯಿ. ಜೋಳವನ್ನು ಜೋಳವಾಗಿ ತೋರಿಸಬೇಕಾದರೆ ಹಿಟ್ಟಿನಂತೆ ಜರಡಿ ಹಿಡಿದ ರವೆಯೇ ಬೇಕು. ಹೀಗೆ ನಿಜದ ವಸ್ತುವೇ ಸುಳ್ಳಾಗಿ, ಬೇರೆಯ ವಸ್ತು ನಿಜವಾಗುವುದನ್ನು ಕೈಯಾರೆ ಕಂಡವನಿಗೆ, ಸತ್ಯವೆಂದರೆ ಇದ್ದುದನ್ನು ಎತ್ತಿಡುವುದಷ್ಟೇ ಅಲ್ಲವೆಂಬುದು ಗ್ರಂಥದ ಸಹಾಯವಿಲ್ಲದೆ ತಿಳಿಯುತ್ತದೆ.

ಇಷ್ಟಾದರೂ ಒಂದು ವಸ್ತುವಿಗೆ ಬದಲಿ ಸಿಗುವುದಿಲ್ಲ. ಅದು ಭಾರ. ಉದ್ದ ಇಪ್ಪತ್ತು ಪಾಲು ಕುಗ್ಗಿದಾಗ ಕಂಬದ ಅಡ್ಡಕೊಯ್ತ ನಾನೂರು ಪಾಲು ಕುಗ್ಗುತ್ತದೆ, ಅದು ಹೊರುವ ತೂಕ ಎಂಟು ಸಾವಿರ ಪಾಲು ಕುಗ್ಗುತ್ತದೆ. ಆದುದರಿಂದ ಮಾದರಿಯ ಕಂಬದ ಪಾಡು ನಿಜದ ಕಂಬದ ಪಾಡಿಗಿಂತ ಇಪ್ಪತ್ತು ಪಾಲು ಹಗುರ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಚಿಕ್ಕ ಯಂತ್ರ ಗಟ್ಟಿಯಾಗಿ ನಿಂತಿತೆಂದು ಅದೇ ಆಕಾರದ ದೊಡ್ಡದೂ ನಿಲ್ಲುವುದೆಂದು ನಂಬಬಾರದೆಂದು ವಿವರಿಸಿದ್ದಾನೆ. ಆರು ಮೊಳ ಚೌಕದ ಒಂದು ಅಂಕಣದ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಅದು ಮೂರು ಟನ್ನಿಗೂ ಮಿಕ್ಕ ಹೊರೆ. ನಿಮ್ಮ ಮೇಜಿನ ಮೇಲಿನ ಅಂಕಣದಲ್ಲಿ ಅದು ಅರ್ಧ ಕಿಲೋಗ್ರಾಮೂ ಇಲ್ಲ. ಬೋದಿಗೆಯನ್ನು ಕಿತ್ತೊಗೆದರೂ ಮಾಳಿಗೆ ಬೀಳುವುದಿಲ್ಲ. ನಿಜದ ಮನೆಯಲ್ಲಿ ಬೋದಿಗೆ ಇದ್ದುದು ತೊಲೆಯ ಹೊರೆಯನ್ನು ಹಂಚಿಕೊಳ್ಳಲು. ಮಾದರಿಯಲ್ಲಿ ಅದು ಕೇವಲ ಅಲಂಕಾರ.

ಇಲ್ಲಿಯೇ ನಾವು ಎಚ್ಚರವಹಿಸಬೇಕಾದದ್ದು. ಕಿರಿಯ ವಸ್ತುವೆಲ್ಲ ಮುದ್ದಾಗಿ ಕಾಣುತ್ತದೆ. ಕಂಬವು ಹೊರದ ಭಾರವನ್ನು ನಾವು ನೋಡದಂತೆಯೇ, ಆ ಮನೆಯಲ್ಲಿ ಮನುಷ್ಯರು ಹೊತ್ತ ಭಾರವನ್ನೂ ನೋಡದೆ ಹೋಗುತ್ತೇವೆ. ಬೆನ್ನ ಮೇಲಿನ ಒಂದು ಕ್ವಿಂಟಲ್ ಚೀಲ ಮಾದರಿಯಲ್ಲಿ ಹನ್ನೆರಡೂವರೆ ಗ್ರಾಮು. ಅದನ್ನು ಚಿಮುಟದಿಂದ ಎತ್ತಿ ಎಲ್ಲಿ ಬೇಕಾದರೂ ಇಡಬಹುದು.

ಇದಕ್ಕೆ ಪರಿಹಾರವಿದೆಯೇ? ಪೂರ್ತಿಯಾಗಿ ಇಲ್ಲ. ಆದರೆ ಒಂದು ದಾರಿ ಇದೆ. ಆ ದಾರಿ ನೆಲದ ಕೆಳಗೆ ಹೋಗುತ್ತದೆ.

ಮಾದರಿ ಮಾಡುವವರೆಲ್ಲ ಸಾಮಾನ್ಯವಾಗಿ ಒಂದು ಚಪ್ಪಟೆ ಹಲಗೆಯನ್ನು ನೆಲವೆಂದು ಇಟ್ಟುಕೊಂಡು ಅದರ ಮೇಲೆ ಕಟ್ಟುತ್ತಾರೆ. ಹಾಗೆ ಮಾಡಿದರೆ ಹಗೇವಿಗೆ ಸ್ಥಳವೇ ಇಲ್ಲ. ಬಾಯಿಯ ಚಪ್ಪಡಿಯೊಂದನ್ನು ಮೇಲೆ ಅಂಟಿಸಿದರೆ ಮುಗಿಯಿತು. ಇದನ್ನು ನಾನು ಒಪ್ಪುವುದಿಲ್ಲ. ಕಾಳಿಗಾಗಿ ಹುಟ್ಟಿದ ಮನೆಯಲ್ಲಿ ಕಾಳಿನ ಕೋಣೆಯನ್ನೇ ಬಿಟ್ಟರೆ ಉಳಿಯುವುದು ಬರಿಯ ಸೂರು. ಹಲಗೆಯ ಬದಲು ಒಂದು ಗೇಣು ಎತ್ತರದ ಪೆಟ್ಟಿಗೆಯನ್ನು ನೆಲವಾಗಿಸಿ, ಅದರ ಒಂದು ಪಕ್ಕವನ್ನು ಕೊಯ್ದು, ಹಗೇವಿನ ಒಡಲು ಕಾಣುವಂತೆ ಮಾಡಬೇಕು. ಮನುಷ್ಯನೊಬ್ಬ ನುಸುಳುವಷ್ಟೇ ಬಾಯಿ, ಕೆಳಗೆ ಗಡಿಗೆಯಂತೆ ಅಗಲವಾದ ಒಡಲು, ಸುತ್ತ ಹುಲ್ಲಿನ ಪದರ, ಮೇಲೆ ಚಪ್ಪಡಿ ಮತ್ತು ಮಣ್ಣು. ಮೂರು ಮೀಟರು ಆಳ, ಎರಡು ಮೀಟರು ಅಗಲದ ದುಂಡು ಹಗೇವೆಂದು ಇಟ್ಟುಕೊಂಡರೆ ಸುಮಾರು 70 ಕ್ವಿಂಟಲ್ ಜೋಳ ಹಿಡಿಯುತ್ತದೆ. ಮಾದರಿಯಲ್ಲಿ ಅಷ್ಟಕ್ಕೂ ಒಂದು ತಂಬಿಗೆ ಸಾಕು.

ಹಗೇವಿನ ಗುಟ್ಟು ತಮಗೆ ತಿಳಿದದ್ದೇ. ಮುಚ್ಚಿದ ಮೇಲೆ ಒಳಗಿನ ಕಾಳೂ ಹುಳುವೂ ಉಸಿರಾಡಿ ಅಲ್ಲಿನ ಪ್ರಾಣವಾಯುವನ್ನು ಮುಗಿಸುತ್ತವೆ. ಅದರ ಸ್ಥಾನದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಆದರೆ ಕಾಳನ್ನು ಉಳಿಸಿದ ಆ ವಾಯುವೇ ಕೆಳಗಿಳಿದ ಮನುಷ್ಯನನ್ನು ಕೊಲ್ಲುತ್ತದೆ. ಅದಕ್ಕೇ ಬಾಯಿ ತೆಗೆದು ಬಹಳ ಹೊತ್ತು ಬಿಡುತ್ತಿದ್ದರು; ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಯಾರು ಇಳಿಯುತ್ತಿದ್ದರು? ದೊಡ್ಡ ಮನೆಗಳಲ್ಲಿ ಬಹುಮಟ್ಟಿಗೆ ಮನೆಯ ಯಜಮಾನನಲ್ಲ, ಆಳುಮಗ. ಉಳಿದವರು ಹಗ್ಗ ಹಿಡಿದು ಮೇಲೆ ನಿಂತಿರುತ್ತಿದ್ದರು.

ಕಾಳಿನ ಮನೆಯ ಮಾದರಿಯಲ್ಲಿ ಮನುಷ್ಯರನ್ನೂ ಲೆಕ್ಕವನ್ನೂ ಇಡಬೇಕೆಂಬುದು ನನ್ನ ಹೊಸ ಕಲ್ಪನೆಯಲ್ಲ. ಸುಮಾರು ನಾಲ್ಕು ಸಾವಿರ ವರುಷಗಳ ಹಿಂದೆ ಈಜಿಪ್ಟಿನಲ್ಲಿ ಮೆಕೆತ್ರೆ ಎಂಬ ದೊಡ್ಡ ಅಧಿಕಾರಿಯ ಸಮಾಧಿಯಲ್ಲಿ ಅವನ ದನದ ಕೊಟ್ಟಿಗೆ, ಕಣಜ ಮುಂತಾದವುಗಳ ಮರದ ಮಾದರಿಗಳನ್ನು ಇಟ್ಟಿದ್ದರು. ಕಳ್ಳರ ಕಣ್ಣಿಗೆ ಬೀಳದ ಒಂದು ಚಿಕ್ಕ ಕೋಣೆಯಲ್ಲಿ ಉಳಿದಿದ್ದ ಅವು 1920ರಲ್ಲಿ ದೊರೆತವು. ಕಣಜದ ಮಾದರಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರೊಳಗೆ ಚೀಲ ಹೊರುವ ಆಳುಗಳು ಆರು ಮಂದಿ. ಕುಳಿತು ಅಳೆಯುವ, ಬರೆಯುವ, ನೋಡಿಕೊಳ್ಳುವವರು ಒಂಬತ್ತು ಮಂದಿ! ಧಣಿಗೆ ಪರಲೋಕದಲ್ಲಿಯೂ ಕಾಳು ಕಡಿಮೆಯಾಗಬಾರದೆಂದು ಮಾಡಿದ್ದು ಅದು. ಆಳುಗಳ ಮೇಲಿನ ಕನಿಕರದಿಂದ ಮಾಡಿದ್ದಲ್ಲ. ಆದರೂ ಆ ಶಿಲ್ಪಿಗಳು ಲೆಕ್ಕವನ್ನು ಬಿಡಲಿಲ್ಲವಾದ್ದರಿಂದ, ಆ ಕಣಜ ಹೇಗೆ ತುಂಬುತ್ತಿತ್ತೆಂಬುದು ಇಂದಿಗೂ ನಮಗೆ ತಿಳಿಯುತ್ತದೆ.

ನಮ್ಮ ಮಾದರಿಯಲ್ಲಿ ಬೊಂಬೆಗಳನ್ನು ಇಡಲೇಬೇಕೆಂದು ನಾನು ಹೇಳುವುದಿಲ್ಲ. ಬೊಂಬೆ ಕೆಟ್ಟರೆ ಮನೆಯೂ ಕೆಡುತ್ತದೆ. ಆದರೆ ಹಗೇವಿನ ಬಾಯಿಯ ಬಳಿ ಒಂದು ಸೇರು, ಒಂದು ಪಾವು ಇರಲಿ. ಆರು ಮಿಲಿಮೀಟರಿನ ಆ ಸೇರನ್ನು ಕಡೆಯುವುದು ಇಡೀ ಮನೆಯಲ್ಲಿ ಅತ್ಯಂತ ಕಷ್ಟದ ಕೆಲಸ, ಅತ್ಯಂತ ಅಗತ್ಯದ ಕೆಲಸವೂ ಹೌದು. ಕೊಡುವ ಸೇರು ಒಂದು, ಕೊಳ್ಳುವ ಸೇರು ಇನ್ನೊಂದು ಎಂಬ ದೂರು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. 1876ರಿಂದ 78ರ ವರೆಗಿನ ಮಹಾಕ್ಷಾಮದಂಥ ಕಾಲದಲ್ಲಿ ಯಾವ ಹಗೇವು ತೆರೆಯಿತು, ಯಾವುದು ಮುಚ್ಚಿಯೇ ಇತ್ತು ಎಂಬುದರ ಮೇಲೆ ಓಣಿಯ ಜೀವ ನಿಂತಿರುತ್ತಿತ್ತು. ಭೂಸುಧಾರಣಾ ಕಾಯಿದೆಗೆ ಬಂದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಗೇಣಿಯ ಪದ್ಧತಿಯನ್ನು ಕೊನೆಗಾಣಿಸಿದ ಮೇಲೆ ಅನೇಕ ದೊಡ್ಡ ಹಗೇವುಗಳಿಗೆ ಕಾಳು ಬರುವುದು ನಿಂತಿತು. ಆ ತಿದ್ದುಪಡಿ ಮಠಮಾನ್ಯಗಳ ಗೇಣಿಭೂಮಿಗೂ ತಟ್ಟಿತೆಂಬುದನ್ನು ಈ ಪುಟಗಳಲ್ಲಿ ಮುಚ್ಚಿಡುವ ಕಾರಣವಿಲ್ಲ. ಮಠದ ಹಗೇವಿನಿಂದ ಪ್ರಸಾದ ಉಂಡು ಅಕ್ಷರ ಕಲಿತವರು ನಾವು. ಆ ಜೋಳ ಯಾರ ಹೊಲದಿಂದ ಬಂದಿತು, ಅವನ ಮನೆಯಲ್ಲಿ ಎಷ್ಟು ಉಳಿಯಿತು ಎಂದು ಕೇಳುವುದು ಕೃತಘ್ನತೆಯಾಗದು. ಉಂಡವನು ಕೇಳದಿದ್ದರೆ ಮತ್ತಾರು ಕೇಳಬೇಕು?

“ಅಯ್ಯಾ, ಬಡಗಿಯ ಕುಶಲತೆಯನ್ನು ಮೆಚ್ಚಲೆಂದು ಮಾಡಿದ ಮಾದರಿಗೆ ಈ ಜಮಾಖರ್ಚು ಏಕೆ? ಸತ್ತವರ ಲೆಕ್ಕ ಕೆದಕುವುದು ಸಜ್ಜನರ ಲಕ್ಷಣವೇ?” ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಬೋದಿಗೆಯ ಮೇಲೆ ಕೆತ್ತಿದ ಹೂವು ನಿಜವಾಗಿಯೂ ಮೆಚ್ಚತಕ್ಕದ್ದು, ಅದನ್ನು ಮಾದರಿಯಲ್ಲಿ ಎಸಳು ತಪ್ಪದೆ ಕೆತ್ತತಕ್ಕದ್ದು. ಆದರೆ ಆ ಬಡಗಿಯು ಆಯಗಾರನಾಗಿದ್ದನೆಂಬುದನ್ನು ಮರೆಯಬಾರದು. ಬಡಗಿ, ಕಮ್ಮಾರ, ಮಡಿವಾಳ ಮೊದಲಾದವರಿಗೆ ಊರು ಕೊಡುತ್ತಿದ್ದುದು ಸುಗ್ಗಿಯಲ್ಲಿ ಅಳೆದ ಕಾಳಿನ ಆಯ. ಮಾಳಿಗೆಯ ಹೂವು ಅರಳಿದ್ದು ಕಣದ ರಾಶಿಯಿಂದ. ರಾಶಿ ಅಳೆದ ಸೇರನ್ನು ಬಿಟ್ಟು ಹೂವನ್ನಷ್ಟೇ ಇಟ್ಟುಕೊಂಡರೆ, ನಾವು ಮೆಚ್ಚುತ್ತೇವೆಂದು ಹೇಳುವ ಆ ಬಡಗಿಯ ಕೂಲಿಯನ್ನೇ ಅಳಿಸಿದಂತಾಗುತ್ತದೆ. ಸತ್ತವರನ್ನು ದೂರುವುದು ಇಲ್ಲಿ ಉದ್ದೇಶವಲ್ಲ. ಒಳ್ಳೆಯ ಯಜಮಾನನ ಮನೆಯ ಮಾದರಿಯಲ್ಲಿಯೂ ಸೇರು ಇರಲಿ. ಅವನು ಒಳ್ಳೆಯವನೆಂಬುದಕ್ಕೆ ಅದೇ ಸಾಕ್ಷಿ.

ಮನೆಗಳು ಬೇಗ ಬೇಗ ಹೋಗುತ್ತಿವೆ. ಮಣ್ಣು ಹಾಕುವವರಿಲ್ಲದ ಮಾಳಿಗೆ ಕೆಲವೇ ಮಳೆಗಾಲಗಳಲ್ಲಿ ಕುಸಿಯುತ್ತದೆ; ತೊಲೆ ಕಂಬಗಳು ಪಟ್ಟಣದ ಹಳೆಯ ಕಟ್ಟಿಗೆಯ ಅಂಗಡಿ ಸೇರುತ್ತವೆ; ಹಗೇವಿಗೆ ಕಲ್ಲುಮಣ್ಣು ತುಂಬಿ ಮೇಲೆ ಸಿಮೆಂಟು ಹಾಸುತ್ತಾರೆ. ಊರಿನಲ್ಲಿ ಅಂಥದೊಂದು ಮನೆ ಇನ್ನೂ ನಿಂತಿದ್ದರೆ ಬೇಸಗೆಯಲ್ಲಿಯೇ ಹೋಗಿ ಅಳೆಯಿರಿ. ಇಬ್ಬರು ಹೋಗಿ, ಒಬ್ಬರಿಂದ ಟೇಪಿನ ಎರಡು ತುದಿ ಹಿಡಿಯಲಾಗದು. ಮನೆಯ ಹಿರಿಯರಿದ್ದರೆ ಅವರನ್ನು ಕೇಳಿ, ದುಡಿದವರ ಮನೆಯ ಹಿರಿಯರನ್ನು ಇನ್ನೂ ಮುಂಚೆ ಕೇಳಿ. ಹಗೇವಿನ ಆಳ ಅವರಿಗೆ ಹೆಚ್ಚು ಚೆನ್ನಾಗಿ ಗೊತ್ತು. ಹಳೆಯ ಹಗೇವಿನ ಬಾಯಿ ಸಿಕ್ಕಿದರೆ ಅಳತೆಯ ಆಸೆಗೆ ಒಳಗೆ ಇಳಿಯಬೇಡಿ, ಮೇಲಿನಿಂದಲೇ ತೂಕದ ಗುಂಡು ಬಿಟ್ಟು ಅಳೆಯಿರಿ. ಮಾದರಿ ಮುಗಿದ ಮೇಲೆ ಗೋಡೆ, ಕಂಬ, ಗ್ವಾದಲಿ ಎಲ್ಲವನ್ನೂ ಗಟ್ಟಿಯಾಗಿ ಅಂಟಿಸಬಹುದು. ಹಗೇವಿನ ಚಪ್ಪಡಿಯೊಂದನ್ನು ಮಾತ್ರ ಅಂಟಿಸದೆ, ತೆಗೆಯಲು ಬರುವಂತೆ ಬಿಡಿ. ನೋಡಲು ಬಂದ ಮಕ್ಕಳು ಮೊದಲು ಬೆರಳು ಹಾಕುವುದು ಅಲ್ಲಿಗೇ.